ಕೆರೆಮೂಲೆಯ ಹಾಜರಿ ಪುಸ್ತಕ

ಪ್ರತಿ ಸಂಜೆ ಆರೂವರೆಗೆ ದಾವಲಸಾಬ ನದಾಫ ಹತ್ತೊಂಬತ್ತು ಜನರಾಗುತ್ತಿದ್ದ. ಏಳು ಗಂಟೆಗೆ ಮತ್ತೆ ಒಬ್ಬನಾಗಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ಗದುಗಿನ ಗುಡ್ಡಗಳ ಮೇಲೆ ತಿರುಗುವ ಅರವತ್ತೆರಡು ಗಾಳಿಯಂತ್ರಗಳ ಕಡೆ ಕಣ್ಣು ಹಾಯಿಸುತ್ತಿದ್ದ.

ಅವನ ನೌಕರಿ ಗಾಳಿ ವಿದ್ಯುತ್ತಿನ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ. ಯಂತ್ರಗಳು ತಮ್ಮನ್ನು ತಾವೇ ನೋಡಿಕೊಳ್ಳುವಷ್ಟು ಜಾಣವಾಗಿದ್ದವು. ಅವು ಕೆಟ್ಟಾಗ ಬೈಯಲು ಒಬ್ಬ ಮನುಷ್ಯ ಬೇಕೆಂದು ಕಂಪನಿ ದಾವಲಸಾಬನನ್ನು ಇಟ್ಟುಕೊಂಡಿತ್ತು. ಯಾರಿಗೂ ಬೇಡವಾದ ಸಂಜೆಯ ಪಾಳಿಯನ್ನು ಹನ್ನೊಂದು ವರ್ಷದಿಂದ ಅವನೇ ಕೇಳಿ ಪಡೆಯುತ್ತಿದ್ದ. ಕಾರಣ ಕಬ್ಬಿಣದ ಕಪಾಟಿನ ಕೆಳಗಿನ ಎರಡು ಹಲಗೆಗಳ ಮೇಲಿತ್ತು. ಅಲ್ಲಿ ಹತ್ತೊಂಬತ್ತು ಗುಬ್ಬಿಗಳು ಸಾಲಾಗಿ ಕೂತಿದ್ದವು.

ಗುಬ್ಬಿ ಎಂದರೆ ಅಂಗೈಗಿಂತ ಒಂದಿಷ್ಟು ದೊಡ್ಡದಾದ, ಹಳದಿ ಮೈಯ, ಕೈಯಲ್ಲಿ ಹಿಡಿದು ಆಡುವ ಯಂತ್ರ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಾಲೇಜಿನ ಕೊನೆಯ ಬೆಂಚುಗಳೆಲ್ಲ ಅದರ ಬೆಳಕಿನಿಂದ ಹಳದಿಯಾಗಿದ್ದವು. ಮಾಡಿದ ಕಂಪನಿ ಮುಚ್ಚಿಹೋಯಿತು. ಇಂಥ ಕಂಪನಿಗಳು ಮುಚ್ಚಿದಾಗ ಅವುಗಳ ದೊಡ್ಡ ಕಂಪ್ಯೂಟರುಗಳಲ್ಲಿದ್ದ ಆಟದ ಲೋಕಗಳೂ ಜೊತೆಗೇ ಮಣ್ಣಾಗುತ್ತವೆ. ಗುಬ್ಬಿಯ ವಿಷಯದಲ್ಲಿ ಹಾಗಾಗಲಿಲ್ಲ. ಅದನ್ನು ಮಾಡಿದ ಎಂಜಿನಿಯರುಗಳು ಜಿಪುಣರಾಗಿದ್ದರು. ದೊಡ್ಡ ಕಂಪ್ಯೂಟರು ಇಡುವ ಬದಲು, ಆಟದೊಳಗಿನ ಊರನ್ನು ಆಡುವವರ ಗುಬ್ಬಿಗಳಲ್ಲೇ ತುಂಡುತುಂಡಾಗಿ ಹಂಚಿಬಿಟ್ಟಿದ್ದರು. ಒಂದೊಂದು ಗುಬ್ಬಿಯಲ್ಲಿ ಒಂದೊಂದು ಓಣಿ. ಊರು ಇಡಿಯಾಗಿ ಎಲ್ಲಿಯೂ ಇಲ್ಲ. ಸಂಜೆ ಆರೂವರೆಗೆ ಕನಿಷ್ಠ ಮೂವತ್ತು ಗುಬ್ಬಿಗಳು ಇಂಟರ್ನೆಟ್ಟಿನಲ್ಲಿ ಕೂಡಿದರೆ ಅರ್ಧ ತಾಸು ಊರಿನ ಬಾಗಿಲು ತೆರೆಯುತ್ತದೆ. ಯಾವುದಾದರೂ ಗುಬ್ಬಿ ಒಂಬತ್ತು ದಿನ ಕಾಣಿಸದಿದ್ದರೆ ಅದರ ಓಣಿಯಲ್ಲಿ ಹುಲ್ಲು ಬೆಳೆದು, ಆಮೇಲೆ ಓಣಿಯೇ ಅಳಿಸಿಹೋಗುತ್ತದೆ.

ಊರಿನ ಹೆಸರು ಕೆರೆಮೂಲೆ. ಒಂದು ಕಾಲಕ್ಕೆ ನಾಲ್ಕು ಸಾವಿರ ಓಣಿಗಳಿದ್ದವು. ಈಗ ಉಳಿದದ್ದು ಮೂವತ್ತೇಳು.

ಅಷ್ಟಾದರೂ ಉಳಿಯಲು ಕಾರಣ ಬ್ಯಾಡಗಿಯ ದಾನಮ್ಮ ಹಿರೇಮಠ ಎಂಬ ಗಣಿತದ ಟೀಚರು. ಊರಿನೊಳಗೆ ಅವರ ಹೆಸರು ಅಂಟಿನುಂಡಿ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಇನ್ನೊಬ್ಬರ ಹೆಸರಿಗೆ ‘ಎಸ್ ಮಿಸ್’ ಎನ್ನುವ ಮಕ್ಕಳನ್ನು ಹಿಡಿದು ಹಿಡಿದು ದಣಿದಿದ್ದ ಈ ಹೆಂಗಸೇ ಕೆರೆಮೂಲೆಯಲ್ಲಿ ಬದಲಿ ಹಾಜರಿಯನ್ನು ಶಾಸ್ತ್ರವಾಗಿ ಕಟ್ಟಿದರು. ಮದುವೆಯೋ ಬಾಣಂತನವೋ ಬೇಸರವೋ, ಬರಲಾಗದವರು ತಮ್ಮ ಗುಬ್ಬಿಯನ್ನು ಬರಬಲ್ಲವರಿಗೆ ಕೊರಿಯರ್ ಮಾಡಬೇಕು. ಜೊತೆಗೆ ತಮ್ಮ ಸ್ವಭಾವದ ಬಗ್ಗೆ ಒಂದು ಪುಟ ಬರೆದು ಕಳಿಸಬೇಕು. ಪಡೆದವರು ಆ ಪುಟವನ್ನು ಹಾಜರಿ ಪುಸ್ತಕಕ್ಕೆ ಅಂಟಿಸಿಕೊಂಡು, ಅದರಂತೆಯೇ ಆಡಬೇಕು. ದಾವಲಸಾಬನ ಪುಸ್ತಕದಲ್ಲಿ ‘ಒಗ್ಗರಣಿ’ ಎಂಬವಳ ಪುಟ ಹೀಗಿತ್ತು: ನಾಲ್ಕು ನಿಮಿಷ ತಡವಾಗಿ ಬರಬೇಕು. ಬಂದ ಕೂಡಲೇ ‘ಇವತ್ತೇನ್ ಅಡಿಗಿ’ ಅಂತ ಕೇಳಬೇಕು. ಉತ್ತರ ಕೇಳಿಸಿಕೊಳ್ಳಬಾರದು.

ಎರಡು ಕಟ್ಟಳೆಗಳಿದ್ದವು. ಬದಲಿ ಹಾಜರಿ ಹಾಕಿದವರು ಹೇಳಬಾರದು, ಗುರುತಿಸಿದವರು ಕೇಳಬಾರದು ಎಂಬುದು ಮೊದಲನೆಯದು. ಗುಬ್ಬಿಯಲ್ಲಿ ಒಂದು ಅಲಾರಂ ಇತ್ತು. ಹೇಳಿದ ಹೊತ್ತಿಗೆ ತಾನೇ ಎದ್ದು, ಹೇಳಿದ ಒಂದು ಕೆಲಸ ಮಾಡಿ, ನಿಮಿಷದೊಳಗೆ ಮಲಗುತ್ತಿತ್ತು. ಅದನ್ನು ಬಳಸಬಾರದು ಎಂಬುದು ಎರಡನೆಯದು. “ಗೊಂಬಿ ಹಾಕಿದ ಹಾಜರಿ ಹಾಜರಿ ಅಲ್ಲ,” ಎಂದಿದ್ದರು ಟೀಚರು. ಯಾವ ಗುಬ್ಬಿ ಎಷ್ಟು ಗಂಟೆ ಎಷ್ಟು ಸೆಕೆಂಡಿಗೆ ಬಂತು, ಹೋಯಿತು ಎಂಬ ಒಂದು ವರ್ಷದ ದಾಖಲೆ ಪ್ರತಿ ಗುಬ್ಬಿಯೊಳಗೂ ಇರುತ್ತಿತ್ತು. ಅದನ್ನು ತೆರೆದು ನೋಡುವುದೂ ಕೇಳಿದಂತೆಯೇ, ಮಂದಿಯ ಕಿಟಕಿಯಲ್ಲಿ ಇಣುಕಿದಂತೆ. ಫೋನ್ ನಂಬರು ಕೊಡುವುದಂತೂ ಕೆರೆಮೂಲೆಯಲ್ಲಿ ಅಸಭ್ಯ.

ಹೀಗೆ ಹದಿನಾಲ್ಕು ವರ್ಷದಿಂದ ದಾವಲಸಾಬ ದಾನಮ್ಮನವರ ಜೊತೆ ದಿನಾ ಮಾತಾಡಿದ್ದ, ಒಮ್ಮೆಯೂ ನೋಡಿರಲಿಲ್ಲ. ಊರಿನೊಳಗೆ ಅವನ ಹೆಸರು ಪಿಂಜಾರ. ಅಂಟಿನುಂಡಿ ಅವನನ್ನು ಅಣ್ಣಾ ಎನ್ನುತ್ತಿದ್ದರು.

ಮನೆಯಲ್ಲಿ ಇದಕ್ಕೆ ಬೇರೆಯೇ ಹೆಸರಿತ್ತು.

“ನಿಮ್ಮ ಊರಾಗ ಎಲ್ಲಾರೂ ಆರಾಮೇನ್ರಿ?” ಎಂದು ಜನ್ನತಬಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. “ನಮ್ಮ ಓಣಿಯಾಗ ಹುಸೇನಜ್ಜ ಬಿದ್ದು ಕಾಲ ಮುರಕೊಂಡು ವಾರ ಆತು. ಅದು ಗೊತ್ತಿಲ್ಲ. ಅಲ್ಲಿ ಯಾರ ಮನಿ ಗುಲಾಬಿ ಒಣಗೇತಿ, ಅದು ಗೊತ್ತು.”

“ಗುಲಾಬಿ ಅಲ್ಲ, ದಾಸಾಳ.”

“ಇರಲಿ ಬಿಡ್ರಿ. ದಾಸಾಳಕ್ಕ ನಂದೂ ಸಲಾಮ ಹೇಳ್ರಿ.”

ಆದರೆ ಹೋದ ವರ್ಷ ಅವಳ ಪಿತ್ತಕೋಶದ ಆಪರೇಷನ್ ಆದಾಗ, ಹತ್ತೊಂಬತ್ತೂ ಗುಬ್ಬಿಗಳನ್ನು ಚೀಲದಲ್ಲಿ ತಂದು ಆಸ್ಪತ್ರೆಯ ಪ್ಲಗ್ಗಿಗೆ ಚುಚ್ಚಿ ಬೆಂಚಿನ ಮೇಲೆ ಕೂತ ದಾವಲಸಾಬನಿಗೆ ಊರಿನ ಆರು ಜನ ಅರ್ಧ ತಾಸು ಸಮಾಧಾನ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಅಂಟಿನುಂಡಿ ಗಂಜಿ ಮಾಡುವ ರೀತಿ ಹೇಳಿದ್ದರು. ಗಿರ್ಮಿಟ್ ಎಂಬವನು ಎಂದಿನಂತೆ ತಕರಾರು ತೆಗೆದು ಗಂಜಿ ಬೇಡ ಎಂದಿದ್ದ. ಕ್ಯಾಪ್ಟನ್ ಎಂಬವನು ‘ಗಂಡಸಾಗಿ ಅಳ್ತೀಯೇನೋ’ ಎಂದು ಬೈದಿದ್ದ. ಅವತ್ತು ಆ ಬೈಗುಳ ದಾವಲಸಾಬನನ್ನು ಎತ್ತಿ ನಿಲ್ಲಿಸಿತ್ತು.

ಮಾರ್ಚಿನಲ್ಲಿ ಕಂಪನಿಯಿಂದ ಪತ್ರ ಬಂತು. ಕಂಟ್ರೋಲ್ ರೂಮನ್ನು ಪುಣೆಗೆ ಒಯ್ಯುತ್ತಾರೆ. ಏಪ್ರಿಲ್ ಮುಗಿದರೆ ಇಲ್ಲಿಯ ಕೋಣೆಗೆ ಬೀಗ. ದಾವಲಸಾಬನಿಗೆ ಸ್ಟೋರಿನಲ್ಲಿ ಹಗಲು ಕೆಲಸ.

ನೌಕರಿ ಉಳಿಯಿತಲ್ಲ ಎಂದು ಜನ್ನತಬಿ ಪೀರನ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿದಳು. ದಾವಲಸಾಬನ ಚಿಂತೆ ಬೇರೆಯಾಗಿತ್ತು. ಗುಬ್ಬಿಗಳ ಬ್ಯಾಟರಿಗಳು ಊದಿಕೊಂಡು ಎಂದೋ ಸತ್ತಿದ್ದವು; ಎಲ್ಲವೂ ನೇರ ವಯರಿನ ಮೇಲೆಯೇ ಬದುಕಿದ್ದವು. ಮನೆಯಲ್ಲಿ ಸಂಜೆ ಕರೆಂಟು ಇರುವುದು ದೇವರ ಮನಸ್ಸಿಗೆ ಬಿಟ್ಟ ವಿಷಯ. ಹತ್ತೊಂಬತ್ತು ಒಟ್ಟಿಗೆ ಕಣ್ಣು ಮುಚ್ಚಿದರೆ ಮೂವತ್ತರ ಲೆಕ್ಕ ತಪ್ಪಿ ಊರಿನ ಬಾಗಿಲೇ ತೆರೆಯದು.

ಅವತ್ತು ಅವನು ಕೆರೆಮೂಲೆಯ ಕಟ್ಟೆಯ ಮೇಲೆ ನಿಂತು, ಕಟ್ಟಳೆ ಮುರಿಯದಂತೆ ಸುತ್ತಿ ಬಳಸಿ ಕೇಳಿದ. “ನಮ್ಮ ಕಡೆ ಕರೆಂಟಿನ ತ್ರಾಸ ಆಗೂ ಹಂಗ ಐತಿ. ಕೆಲವು ಗುಬ್ಬಿ ಸಾಕಾಕ ಯಾರರೆ ತಗೋತೀರೇನು?”

ಉತ್ತರಗಳು ಒಂದೊಂದಾಗಿ ಬಂದವು. ಗಿರ್ಮಿಟ್ ‘ಯಾಕ, ನಾವೇನು ಮುದಿ ದನಾ ಸಾಕೂ ಪಾಂಜರಪೋಳ ಇಟ್ಟೇವೇನು’ ಎಂದ. ಕ್ಯಾಪ್ಟನ್ ‘ನಿನ್ನ ಜವಾಬ್ದಾರಿ ನೀ ಹೊರು’ ಎಂದ. ಕಡೆಗೆ ಅಂಟಿನುಂಡಿ ಬರೆದರು: ‘ಅಣ್ಣಾ, ನನ್ನ ಕೈಲೆ ಇನ್ನಷ್ಟು ಆಗೂದಿಲ್ಲ. ಸಿಟ್ಟಾಗಬ್ಯಾಡ.’

ಸಿಟ್ಟಾಗಲು ಸಮಯವೇ ಸಿಗಲಿಲ್ಲ. ಅದೇ ಕ್ಷಣಕ್ಕೆ ಕಟ್ಟೆಯ ಮೇಲಿದ್ದವರಲ್ಲಿ ಅರ್ಧ ಜನ ಮಾಯವಾದರು. ಉಳಿದವರು ಅವನ ಹತ್ತೊಂಬತ್ತು ಜನ ಮಾತ್ರ. ಎಲ್ಲರೂ ಅವನ ಬೆರಳಿಗಾಗಿ ಕಾಯುತ್ತ ಸುಮ್ಮನೆ ನಿಂತಿದ್ದರು.

ದಾವಲಸಾಬನ ಕೈ ತಾನಾಗಿಯೇ ದಾಖಲೆಯ ಗುಂಡಿಯ ಕಡೆ ಹೋಯಿತು. ಹನ್ನೊಂದು ವರ್ಷ ಯಂತ್ರ ನಿಂತಾಗಲೆಲ್ಲ ದಾಖಲೆ ನೋಡಿದ ಕೈ ಅದು. ಕಟ್ಟಳೆ ನೆನಪಾಗುವ ಮೊದಲೇ ನೋಡಿಬಿಟ್ಟಿತ್ತು.

ಆರು ಗಂಟೆ ಐವತ್ತೆರಡು ನಿಮಿಷ ಹತ್ತು ಸೆಕೆಂಡಿಗೆ ಹದಿನೇಳು ಗುಬ್ಬಿಗಳು ಹೋಗಿದ್ದವು. ಹದಿನೇಳೂ ಹತ್ತನೆಯ ಸೆಕೆಂಡಿಗೇ. ಹದಿನೇಳು ಯಂತ್ರ ಒಂದೇ ಸೆಕೆಂಡಿಗೆ ನಿಂತರೆ ಹದಿನೇಳು ಕೆಟ್ಟಿಲ್ಲ, ಒಂದು ತಂತಿ ಸತ್ತಿದೆ. ಇದು ಗಾಳಿಯಂತ್ರದವರು ಕಲಿಯುವ ಮೊದಲ ಪಾಠ.

ಅವನು ನೋಡುತ್ತಿದ್ದಂತೆ ಗುಬ್ಬಿಗಳು ಮರಳಿ ಬರತೊಡಗಿದವು. ಗಿರ್ಮಿಟ್ ಬಂದ. ಹದಿನೈದು ಸೆಕೆಂಡಿಗೆ ಕ್ಯಾಪ್ಟನ್. ಮತ್ತೆ ಹದಿನೈದು ಸೆಕೆಂಡಿಗೆ ಮೂರನೆಯವರು. ಎಂಟನೆಯವರು ಬರಲು ತುಸು ತಡವಾಯಿತು. ಬಹುಶಃ ಅಲ್ಲಿ ಹಲಗೆ ಬದಲಾಗುತ್ತಿತ್ತು, ಬಗ್ಗಬೇಕಿತ್ತು. ಅದು ಒಬ್ಬ ಮನುಷ್ಯ ಒಂದು ಕಪಾಟಿನ ಮುಂದೆ ನಡೆಯುವ ವೇಗ. ದಾವಲಸಾಬ ಹಿಂದಿನ ತಿಂಗಳುಗಳನ್ನೂ ತೆಗೆದು ನೋಡಿದ. ಕರೆಂಟು ಹೋದ ಪ್ರತಿ ಸಲವೂ ಅದೇ ಹದಿನೇಳು ಜನ, ಅದೇ ಸರದಿ, ಎಂಟನೆಯವರ ಬಳಿ ಅದೇ ತಡ.

ಹದಿನಾಲ್ಕು ವರ್ಷ ಅವನು ಜಗಳವಾಡಿದವರು, ಹಬ್ಬಕ್ಕೆ ಶುಭಾಶಯ ಹೇಳಿದವರು, ಅವನನ್ನು ಬೈದು ಎಬ್ಬಿಸಿದವರು ಎಲ್ಲರೂ ಒಂದೇ ಕೈ. ಆ ಕೈ ಯಾರದೆಂದು ಯೋಚಿಸಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಅಂಟಿನುಂಡಿ ಕೇಳಿದರೆಂದು ಅವನೇ ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರ ವಿಳಾಸಕ್ಕೆ ಒಂದು ಕಟ್ಟು ವಯರು ಕಳಿಸಿದ್ದ.

“ಹಂಗಾರ ಆ ಟೀಚರ್‌ಬಾಯಿ ಒಬ್ಬಾಕಿನ ಹದಿನೇಳು ಮಂದಿ,” ಎಂದಳು ಜನ್ನತಬಿ, ಎಲ್ಲ ಕೇಳಿದ ಮೇಲೆ. ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. “ವಯಸ್ಸಾದಾಕಿ. ಎಷ್ಟರ ದಣಿತಾಳೋ. ನೀವು ಆಕಿಗೆ ಇನ್ನೂ ಹೊರಸಾಕ ಹೋಗಿದ್ರಿ.”

“ನಂಗೇನ ಗೊತ್ತಿತ್ತು.”

“ಹೋಗಿ ನೋಡಿ ಬರ್ರಿ. ಹದಿನಾಲ್ಕು ವರ್ಷ ಅಣ್ಣಾ ಅನಿಸ್ಕೊಂಡೀರಿ, ಒಂದ ಕುಬಸರೆ ಕೊಟ್ಟು ಬರ್ರಿ.”

ಭಾನುವಾರ ಅವನು ಹೊರಟ. ಕೈಯಲ್ಲಿ ಇಳಕಲ್ ಕುಬಸದ ಪೊಟ್ಟಣ, ಹೆಗಲ ಮೇಲೆ ಅಪ್ಪನ ಕಾಲದ ತಗಡಿನ ಟ್ರಂಕು. ಅಪ್ಪ ಊರೂರು ತಿರುಗಿ ಗಾದಿ ಹೊಲಿಯುತ್ತಿದ್ದ ಮನುಷ್ಯ. ಟ್ರಂಕಿನ ತಳದಲ್ಲಿ ಅವನು ಎಕ್ಕಿದ ಹತ್ತಿ ಇನ್ನೂ ಇತ್ತು. ಆ ಹತ್ತಿಯ ನಡುವೆ ಹತ್ತೊಂಬತ್ತು ಗುಬ್ಬಿಗಳನ್ನು ಇಟ್ಟುಕೊಂಡಿದ್ದ. ಟೀಚರು ಹೂಂ ಎಂದರೆ ಕೊಡುವುದು. ಉಹೂಂ ಎಂದರೆ, ಇಬ್ಬರೂ ಕೂತು ಏನು ಮಾಡುವುದೆಂದು ಯೋಚಿಸುವುದು. ಎಲ್ಲವನ್ನೂ ನೋಡಿಕೊಳ್ಳುವುದು ತಾವಿಬ್ಬರೇ ಎಂದು ಅವರಿಗೆ ಹೇಳಿಬಿಡಬೇಕು. ಹೇಳಲು ಇನ್ನು ಯಾರಿದ್ದರು?

ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಸಾವಿರಾರು ಚೀಲಗಳ ನಡುವೆ ನಿಂತ ಮೂಗಿಗೆ ಆ ಹೆಸರು ಗೊತ್ತಿರುವುದಿಲ್ಲ. ಕೋಲ್ಡ್ ಸ್ಟೋರೇಜಿನ ಆಫೀಸು ತಲುಪುವಷ್ಟರಲ್ಲಿ ದಾವಲಸಾಬ ಎಂಟು ಸಲ ಸೀನಿದ್ದ.

ಒಳಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಚೀಲಗಳ ಚೀಟಿ ಬರೆಯುತ್ತ ಕೂತಿದ್ದರು. ಹಣೆಗೆ ವಿಭೂತಿ, ಕಿವಿಯ ಮೇಲೆ ಪೆನ್ನು. ಹೆಸರು ಬಸವಂತಯ್ಯ ಹಿರೇಮಠ. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಹದಿನೇಳು ಗುಬ್ಬಿಗಳಿದ್ದವು. ಮೇಲಿನ ಹಲಗೆಯಲ್ಲಿ ಏಳು, ಕೆಳಗೆ ಹತ್ತು.

“ದಾನಮ್ಮ ಟೀಚರನ್ನ ನೋಡಬೇಕಿತ್ರಿ. ನಾನು ಗದಗಿನ ನದಾಫ. ಪಿಂಜಾರ ಅಂತಾರ ನನಗ.”

ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂತಿತೇ ಎಂದು ಎರಡು ಸಲ ಒತ್ತಿ ನೋಡಿದರು.

“ಆಕಿ ಹೋಗಿ ಆರು ವರ್ಷ ಆತ್ರಿ,” ಎಂದರು.

ಬ್ಯಾಡಗಿಯಲ್ಲಿ ಒಂದು ಅನುಕೂಲವಿದೆ. ಕಣ್ಣಲ್ಲಿ ನೀರು ಬಂದರೆ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ.

“ನಾ ಆಕಿ ಮನಿಯಾಂವ. ಕುಂದರ್ರಿ,” ಎಂದು ಬಸವಂತಯ್ಯ ಕುರ್ಚಿಯ ಮೇಲಿನ ಚೀಟಿಗಳನ್ನು ಎತ್ತಿದರು. “ಕಡೀ ಎರಡು ತಿಂಗಳು ಹಾಸಿಗಿ ಮ್ಯಾಲೆ ಕುಂತು ಪುಸ್ತಕ ಬರದ್ಲು. ಇಂಥಾವರು ಹಿಂಗ ಮಾತಾಡ್ತಾರ, ಇಂಥಾವರು ಹಿಂಗ ಜಗಳಾ ತಗೀತಾರ. ನನಗ ಆಟಾ ಬರೂದಿಲ್ರಿ. ಈಗೂ ಬರೂದಿಲ್ಲ. ಪುಸ್ತಕ ನೋಡಿ ಗುಂಡಿ ಒತ್ತತೀನಿ.”

“ನನ್ನ ಹೆಂಡತಿ ಆಪರೇಷನ್ ಆದಾಗ...”

“ನಾನs. ಆರು ಮಂದಿಯಾಗಿ ಸಮಾಧಾನ ಹೇಳೂದು ಭಾಳ ತ್ರಾಸ ಆತ್ರಿ. ಅದರಾಗ ಆ ಕ್ಯಾಪ್ಟನ್ ಬೈಬೇಕಿತ್ತು. ಬ್ಯಾಡ ಅನಿಸ್ತು. ಆದರ ಪುಸ್ತಕದಾಗ ಹಂಗ ಐತಿ, ದುಃಖದಾಗ ಇದ್ದಾವ್ರಿಗೆ ಬೈತಾನ ಅಂತ. ನೋವಾತೇನ್ರಿ?”

“ಇಲ್ರಿ, ಅಯ್ಯಾರ. ಅದರಿಂದನs ಎದ್ದು ನಿಂತೆ.”

ಅವರು ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದರು. ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿ, ದುಂಡಗಿನ ಅಕ್ಷರ. ದಾನಮ್ಮ ಅಲ್ಲಿ ತಮ್ಮ ಬಗ್ಗೆಯೇ ಬರೆದುಕೊಂಡಿದ್ದರು. ‘ಅಂಟಿನುಂಡಿ: ಪಿಂಜಾರನಿಗೆ ಅಣ್ಣಾ ಅನ್ನಬೇಕು. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವನು, ಆದರೆ ಅಣ್ಣಾ ಅಂದರೆ ಹೇಳಿದ ಮಾತು ಕೇಳುತ್ತಾನೆ. ನಾನಿಲ್ಲವೆಂದು ಅವನಿಗೆ ಗೊತ್ತಾಗಬಾರದು. ಅವನ ಕಡೆ ಹತ್ತೊಂಬತ್ತು ಜನ ಇದ್ದಾರೆ, ಬೇಜಾರಾದಾರು.’

“ಅದಕ್ಕs ಬಿಡಲಿಲ್ರಿ ನಾನು,” ಎಂದರು ಬಸವಂತಯ್ಯ. “ಈ ಕಣ್ಣಿಗೆ ಪೊರೆ ಬಂದೈತಿ, ಬೆರಳು ನಡಗತಾವ. ಬಿಡಬೇಕು ಅಂತ ದಿನಾ ಅನಸ್ತದ. ಆದರ ಅಲ್ಲೆ ಹತ್ತೊಂಬತ್ತು ಮಂದಿ ನಂಬಿ ಬರ್ತಾರಲ್ಲ. ಆ ಒಗ್ಗರಣಿ ಹೆಂಗ ಅದಾಳ್ರಿ? ದಿನಾ ಅಡಿಗಿ ಏನಂತ ಕೇಳ್ತಾಳ. ನನ್ನ ಊಟಾ ಕೇಳಾವ್ರು ಬ್ಯಾರೆ ಯಾರೂ ಇಲ್ಲ.”

ದಾವಲಸಾಬ ಕಾಲ ಬಳಿಯಿದ್ದ ಟ್ರಂಕನ್ನು ನೋಡಿದ. ಹೇಳಲೆಂದೇ ಬಂದಿದ್ದ. ಬರುವಾಗ ಮಾತು ಹಗುರವಾಗಿತ್ತು, ಈಗ ಟ್ರಂಕಿನಷ್ಟೇ ಭಾರವಾಗಿತ್ತು. ಬಗ್ಗಿ ಚಿಲಕ ತೆಗೆದು, ಮುಚ್ಚಳ ಎತ್ತಿದ.

ಬಸವಂತಯ್ಯ ಹತ್ತಿಯ ನಡುವಿನ ಹಳದಿ ಮೈಗಳನ್ನು ನೋಡಿದರು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದರು. ಎಣಿಕೆ ಹತ್ತೊಂಬತ್ತಕ್ಕೆ ಮುಗಿದಾಗ ಕೈ ಅಲ್ಲಿಯೇ ಹತ್ತಿಯ ಮೇಲೆ ನಿಂತಿತು.

“ಎಲ್ಲಾ?”

“ಎಲ್ಲಾರಿ.”

“ಒಗ್ಗರಣಿ?”

“ನಾನs ರಿ.”

ಬಸವಂತಯ್ಯ ಸರಿದಿದ್ದ ಹತ್ತಿಯನ್ನು ಮತ್ತೆ ಗುಬ್ಬಿಗಳ ಮೇಲೆ ಹೊದಿಸಿದರು. ಆಮೇಲೆ ಅವರು ಮೆಲ್ಲಗೆ, “ಹಂಗಾರ ಸಾಕು ಮಾಡೂಣ್ರಿ,” ಎಂದರು. “ಯಾರ ಸಲುವಾಗಿ ಇನ್ನ. ಆಕಿ ಓಣಿ ಒಂದು ಹೋಗ್ತದ. ಹೋಗಲಿ. ಆಕೀನs ಹೋದ್ಲು.”

ದಾವಲಸಾಬ ಹೂಂ ಎಂದ. ಮುಚ್ಚುವ ಮುಂಚೆ ಕಡೆಯ ಸಲ ಪಟ್ಟಿ ನೋಡೋಣವೆಂದು ಬಸವಂತಯ್ಯನವರೇ ಪುಸ್ತಕದ ಮೊದಲ ಪುಟ ತೆರೆದರು. ಗಣಿತದ ಟೀಚರ ಗಂಡ; ಲೆಕ್ಕ ಕೂಡಿಸದೆ ಏನನ್ನೂ ಮುಚ್ಚುವ ಮನುಷ್ಯನಲ್ಲ.

“ನಂದು ಹದಿನೇಳು, ನಿಮ್ಮದು ಹತ್ತೊಂಬತ್ತು. ಮೂವತ್ತಾರು,” ಎಂದವರು ತಡೆದರು. “ಊರಾಗ ಮೂವತ್ತೇಳು ಓಣಿ ಅದಾವಲ್ರಿ.”

ಇಬ್ಬರೂ ಮತ್ತೊಮ್ಮೆ ಎಣಿಸಿದರು. ಉಳಿದ ಹೆಸರು ‘ಸುಮ್ಮನೆ’ ಎಂದಿತ್ತು. ದಿನಾ ಸಂಜೆ ಬಂದು, ಕೆರೆಯ ಮೆಟ್ಟಿಲ ಮೇಲಿನ ದೀಪ ಹಚ್ಚಿ, ಯಾರ ಜೊತೆಗೂ ಮಾತಾಡದೆ ಹೋಗುವವರು.

“ನಿಮ್ಮ ಕಡೇದವರು ಅಂದಿದ್ದೆ ನಾನು,” ಎಂದ ದಾವಲಸಾಬ.

“ನಿಮ್ಮ ಕಡೇದವರು ಅಂದಿದ್ದೆ ನಾನೂ.”

ಹಿರಿಯರ ಮುಖದಲ್ಲಿ ಆಗ ಆದದ್ದನ್ನು ದಾವಲಸಾಬ ಆಮೇಲೆ ಹೆಂಡತಿಗೆ ಹೇಳಲು ಹೋಗಿ ಸೋತ. ಹಮಾಲರನ್ನು ಕರೆದು ಚಹಾ ತರಿಸಿದರು. ಮೂಲೆಯಲ್ಲಿ ಬಿದ್ದಿದ್ದ ಆಫೀಸಿನ ಹಳೆಯ ಇನ್ವರ್ಟರನ್ನು ಒರೆಸಿ, ಮನೆಗೆ ಒಯ್ಯಿರಿ ಎಂದರು. “ಒಬ್ಬರದಾರ, ನದಾಫರ. ಒಬ್ಬರಿದ್ರ ಸಾಕಲ್ರಿ. ಆಕೀನೂ ಸಾಲ್ಯಾಗ ಒಬ್ಬಾಂವ ಹುಡುಗ ಬಂದರೂ ಪಾಠಾ ಮಾಡತಿದ್ಲು.”

ಕುಬಸವನ್ನು ಅವರು ಅಂಟಿನುಂಡಿಯ ಗುಬ್ಬಿಯ ಕೆಳಗೆ ಮಡಿಸಿ ಹಾಸಿದರು.

ಏಪ್ರಿಲ್ ಮುಗಿಯಿತು. ಜನ್ನತಬಿ ಅಡಿಗೆಮನೆಯ ಮೇಲಿನ ಹಲಗೆಯಿಂದ, ಮದುವೆಯಲ್ಲಿ ಬಂದು ಒಮ್ಮೆಯೂ ಬಳಸದ ಸ್ಟೀಲಿನ ಡಬರಿಗಳನ್ನು ಇಳಿಸಿದಳು. “ಇಷ್ಟು ವರ್ಷ ಇವೂ ಸುಮ್ಮನ ಕುಂತಿದ್ದು,” ಎಂದಳು. ಅಲ್ಲಿ ಗುಬ್ಬಿಗಳು ಕೂತವು. ಇನ್ವರ್ಟರು ಮುದುಕರಂತೆ ಗೊಣಗುತ್ತ ಕೆಲಸ ಮಾಡಿತು.

ಏಳು ಗಂಟೆಗೆ ಬಾಗಿಲು ಮುಚ್ಚಿದ ಮೇಲೆ ಬಸವಂತಯ್ಯ ಈಗ ದಿನಾ ಫೋನು ಮಾಡುತ್ತಿದ್ದರು. ಮಾತು ಒಂದೇ. ಸುಮ್ಮನೆ ಯಾವ ಊರಿನವರಿರಬಹುದು, ಹೆಣ್ಣೋ ಗಂಡೋ, ಅವರಿಗೆ ನಾವು ಮೂವತ್ತಾರು ಜನ ಎಂಬ ಭ್ರಮೆ ಇರಬಹುದೋ. ಒಂದು ದಿನ, ಅವರ ಸಲುವಾಗಿ ಕ್ಯಾಪ್ಟನ್ನನ ಕೈಯಿಂದ ದೀಪಕ್ಕೆ ಎಣ್ಣೆ ಹಾಕಿಸಿದೆನೆಂದು ನಾಚಿಕೊಂಡು ಹೇಳಿದರು. ಕಣ್ಣಿನ ಪೊರೆ ತೆಗೆಸಲೂ ಒಪ್ಪಿದ್ದರು. ದೀಪ ಸರಿಯಾಗಿ ಕಾಣಬೇಕಂತೆ.

ದಾವಲಸಾಬನಿಗೂ ಆಸೆ ಹುಟ್ಟಿತು. ದಾಖಲೆಯಲ್ಲಿ ಏನಾದರೂ ಗುರುತು ಸಿಗಬಹುದು. ಕರೆಂಟು ಹೋದ ಹೊತ್ತಿನಿಂದ ಊರು ಪತ್ತೆಯಾಗಬಹುದು. ಒಮ್ಮೆ ಮುರಿದ ಕಟ್ಟಳೆಯನ್ನು ಎರಡನೆಯ ಸಲ ಮುರಿಯುವುದು ಅಷ್ಟು ಕಷ್ಟವಲ್ಲ. ಒಂದು ಸಂಜೆ, ಊರಿನ ಬಾಗಿಲು ಮುಚ್ಚಿದ ಮೇಲೆ, ‘ಸುಮ್ಮನೆ’ಯ ಒಂದು ವರ್ಷದ ದಾಖಲೆ ತೆರೆದ.

ಆರು ಗಂಟೆ ನಲವತ್ತು ನಿಮಿಷ, ಸೊನ್ನೆ ಸೆಕೆಂಡು. ಮರುದಿನ ಆರು ಗಂಟೆ ನಲವತ್ತು ನಿಮಿಷ, ಸೊನ್ನೆ ಸೆಕೆಂಡು. ಯುಗಾದಿಯ ದಿನ, ಪಂಚಮಿಯ ದಿನ, ಇವತ್ತು. ಮನುಷ್ಯನ ಕೈ ಇದ್ದಲ್ಲಿ ಒಂದೆರಡು ಸೆಕೆಂಡು ಹಿಂದುಮುಂದಾಗುತ್ತದೆ; ಒಲೆಯ ಮೇಲೆ ಹಾಲಿರುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಇಲ್ಲಿ ಮುನ್ನೂರ ಅರವತ್ತೈದು ದಿನವೂ ಸೊನ್ನೆ. ಯಾರೋ ಎಂದೋ ಅಲಾರಂ ಇಟ್ಟು, ವಯರು ಚುಚ್ಚಿ, ಎದ್ದುಹೋಗಿದ್ದರು. ಎಲ್ಲಿಗೆ ಹೋದರೆಂದು ದಾಖಲೆಯಲ್ಲಿ ಇರುವುದಿಲ್ಲ.

ಫೋನು ಬಡಿದುಕೊಂಡಿತು.

“ನದಾಫರ, ಇವತ್ತ ನೋಡಿದ್ರೇನು?” ಬಸವಂತಯ್ಯನವರ ದನಿಯಲ್ಲಿ ಸಂಭ್ರಮವಿತ್ತು. “ಸುಮ್ಮನೆ ಅವರು ಒಂದೀಟ ತಡಾ ಬಂದ್ರಲ್ಲ. ನಾ ಕಾದು ಕಾದು ನೋಡಾಕತ್ತಿದ್ದೆ. ಏನರ ಕೆಲಸಾ ಬಂದಿರಬೇಕು, ಪಾಪ. ಮನಿ ಮಂದಿಗೆ ಆರಾಮ ಐತೋ ಇಲ್ಲೋ.”

ಅವನ ಕೈಯಲ್ಲಿದ್ದ ತೆರೆಯ ಮೇಲೆ ಸೊನ್ನೆಗಳು ಸಾಲಾಗಿದ್ದವು.

“ಹೌದ್ರಿ, ಅಯ್ಯಾರ,” ಎಂದ ದಾವಲಸಾಬ. “ನಾನೂ ನೋಡಿದೆ. ಒಂದೀಟ ತಡಾ ಆತು.”

“ನಾಳೆ ಲಗೂನ ಬರಬಹುದಲ್ಲ?”

“ಬರ್ತಾರ ತಗೋರಿ.”

ಫೋನು ಇಟ್ಟ ಮೇಲೆ ಜನ್ನತಬಿ ಒಲೆಯ ಬಳಿಯಿಂದ ಯಾರು ತಡವಾಗಿ ಬಂದದ್ದೆಂದು ಕೇಳಿದಳು. ಅವನು ದಾಖಲೆ ಮುಚ್ಚಿದ. ಹಾಜರಿ ಪುಸ್ತಕ ತೆಗೆದು, ಕೊನೆಯಲ್ಲಿ ಉಳಿದಿದ್ದ ಒಂದು ಖಾಲಿ ಪುಟದ ನೆತ್ತಿಗೆ ‘ಸುಮ್ಮನೆ’ ಎಂದು ಬರೆದ. ಕೆಳಗೆ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ ಬರೆದ:

‘ಮಾತಾಡುವುದಿಲ್ಲ. ದೀಪ ಹಚ್ಚಿ ಹೋಗುತ್ತಾರೆ. ಒಮ್ಮೊಮ್ಮೆ ತಡವಾಗಿ ಬರುತ್ತಾರೆ.’